ಪಟ್ಟಿಗೆ ಬಂದ ಪಿಸ್ತೂಲು, ಪಟ್ಟಿಯಲ್ಲಿಲ್ಲದ ಹೆಂಗಸು

ಹ್ಯಾನ್‌ಫರ್ಡ್
ಅಕ್ಟೋಬರ್ ೨೦, ೨೦೨೪, ಭಾನುವಾರ

ಪ್ರಿಯ ಜಸಿಂತೊ,

ಪ್ರಿಯ ಎಂದು ಬರೆದದ್ದು ಮೂವತ್ತು ವರ್ಷದ ಅಭ್ಯಾಸದಿಂದ. ಅದಕ್ಕೆ ಹೆಚ್ಚಿನ ಅರ್ಥ ಹಚ್ಚಿಕೊಳ್ಳಬೇಡ. ನಾನು ಚೆನ್ನಾಗಿದ್ದೇನೆ. ಅಮ್ಮನ ಸೊಂಟದ ಮೂಳೆ ಕೂಡಿಕೊಂಡಿದೆ. ವಾಕರ್ ಬಿಟ್ಟು ಕೋಲು ಹಿಡಿದಿದ್ದಾಳೆ, ಆ ಕೋಲಿನಿಂದಲೇ ಹಾಲು ಕರೆಯುವ ಆಳುಗಳಿಗೆಲ್ಲ ದಿಕ್ಕು ತೋರಿಸುತ್ತಿದ್ದಾಳೆ.

ನಿನ್ನ ಪತ್ರ ಗುರುವಾರ ತಲುಪಿತು. ವೈಸೇಲಿಯಾದಿಂದ ಇಲ್ಲಿಗೆ ಅರ್ಧ ಗಂಟೆಯ ದಾರಿ. ನಿನ್ನ ಹತ್ತಿರ ಕಾರಿದೆ, ಫೋನಿದೆ. ಆದರೂ ಅಂಚೆಚೀಟಿ ಹಚ್ಚಿ ಪತ್ರ ಕಳಿಸಿದೆಯಲ್ಲ, ಲಕೋಟೆ ಒಡೆಯುವ ಮೊದಲೇ ನನಗೆ ಅರ್ಧ ವಿಷಯ ಗೊತ್ತಾಗಿಹೋಯಿತು. ಎದುರು ನಿಂತು ಹೇಳಲಾಗದ್ದನ್ನೇ ಅಲ್ಲವೇ ಜನ ಅಂಚೆಗೆ ಹಾಕುವುದು. ಸರಿ, ನಾನೂ ಅಂಚೆಯಲ್ಲೇ ಉತ್ತರ ಕೊಡುತ್ತೇನೆ.

ನೀನು ಕೇಳಿರುವುದು ಇಷ್ಟು. ನಮ್ಮ ಕಣಿವೆಯ ಮಾಸಪತ್ರಿಕೆಯಲ್ಲಿ ಇಷ್ಟು ವರ್ಷ ನಮ್ಮಿಬ್ಬರ ಹೆಸರಿನಲ್ಲಿ ಬರುತ್ತಿದ್ದ ‘ಎರಡು ಕೈ’ ಅಂಕಣದಲ್ಲಿ, ಈ ಸಲದ ಹೊಸ ಪಿಸ್ತೂಲಿನ ಪರೀಕ್ಷೆಗೆ ನನ್ನ ಹೆಸರು ತೆಗೆದು ಕೆಂಡ್ರಾಳ ಹೆಸರು ಹಾಕಬಹುದೇ ಎಂದು. ಶೂಟಿಂಗ್ ಕ್ಲಬ್ಬಿನಲ್ಲಿ ನನ್ನ ಪಿಸ್ತೂಲಿನಿಂದ ಗುಂಡು ಹಾರಿದ ಸುದ್ದಿ ಊರೆಲ್ಲ ಹಬ್ಬಿದೆ. ತನ್ನ ಕೈಯನ್ನೇ ಹತೋಟಿಯಲ್ಲಿಟ್ಟುಕೊಳ್ಳಲಾರದವಳು ಓದುಗರಿಗೆ ಬುದ್ಧಿ ಹೇಳುವುದು ಚೆನ್ನಾಗಿ ಕಾಣುವುದಿಲ್ಲ ಎಂದು ಸಂಪಾದಕರು ಅಂದರಂತೆ. ಅವರಾಗಿ ಅಂದರೋ, ನೀನು ಅನ್ನಿಸಿದೆಯೋ, ನಾನು ಕೇಳುವುದಿಲ್ಲ.

ನಿನಗೆ ಉತ್ತರ ಕೊಡುತ್ತೇನೆ. ಆದರೆ ಮೊದಲು ನನ್ನ ಹೊಟ್ಟೆಯಲ್ಲಿರುವುದನ್ನು ಕಕ್ಕಿಬಿಡುತ್ತೇನೆ, ಇಲ್ಲದಿದ್ದರೆ ಉತ್ತರಕ್ಕೂ ಅದರ ವಾಸನೆ ಹತ್ತುತ್ತದೆ.

ಓದುವ ಕನ್ನಡಕ ಮರೆತು ಬಂದಿದ್ದೆನೆಂದು ಸೆಪ್ಟೆಂಬರಿನಲ್ಲಿ ಒಂದು ದಿನ ನಿನ್ನ ಪಿಸ್ತೂಲಿನ ಅಂಗಡಿಗೆ ಬಂದಿದ್ದೆ. ನೀನು ಊಟಕ್ಕೆ ಹೋಗಿದ್ದೆ. ಯಾರ ಜೊತೆ ಎಂದು ನಿನ್ನ ಸಹಾಯಕ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೌಂಟರಿನ ಹಿಂದಿನ ಗೋಡೆ ನೋಡಿದೆ. ಆ ಗೋಡೆ ನಮ್ಮದು. ಹೊಸ ಪಿಸ್ತೂಲು ಯಾವುದೇ ಬರಲಿ, ಮೊದಲ ಹತ್ತು ಗುಂಡು ಬಿದ್ದ ಗುರಿಹಾಳೆಗೆ ನೀನೂ ನಾನೂ ಸಹಿ ಹಾಕಿ ಅಲ್ಲಿ ಚುಚ್ಚುತ್ತಿದ್ದೆವು. ಐದು ನಿನ್ನವು, ಐದು ನನ್ನವು. ನಾನು ಅಮ್ಮನ ಆರೈಕೆಗೆಂದು ಇಲ್ಲಿಗೆ ಬಂದ ಮೇಲೆ ಅಲ್ಲಿ ಹೊಸ ಹಾಳೆ ಬಿದ್ದಿರುತ್ತದೆಂದು ನಾನು ಎಣಿಸಿರಲಿಲ್ಲ. ಬಿದ್ದಿತ್ತು. ನಿನ್ನ ಸಹಿಯ ಪಕ್ಕದಲ್ಲಿ ದುಂಡಗೆ, ಶಾಲೆಯ ಹುಡುಗಿಯ ಹಾಗೆ ಬರೆದ ಇನ್ನೊಂದು ಸಹಿ: ಕೆಂಡ್ರಾ.

ಜಸಿಂತೊ, ನಿನ್ನನ್ನು ಅವಳ ಜೊತೆ ಯಾವುದಾದರೂ ಹೋಟೆಲಿನಲ್ಲಿ ಕಂಡಿದ್ದರೂ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಆ ಹಾಳೆಯಲ್ಲಿ ಐದು ತೂತು ಒಂದೇ ಕಾಸಿನಗಲದಲ್ಲಿದ್ದವು. ಅವು ನಿನ್ನವಲ್ಲ. ನಿನ್ನವು ಯಾವಾಗಲೂ ಎಡಕ್ಕೆ ಕೆಳಗೆ ಹೋಗುತ್ತವೆ, ನೀನು ಟ್ರಿಗರ್ ಒತ್ತುವುದಿಲ್ಲ, ಕಿತ್ತುಕೊಳ್ಳುತ್ತೀಯ. ಮದುವೆಯಾದಾಗಿನಿಂದ ಹೇಳುತ್ತಿದ್ದೇನೆ. ಹಾಗಾದರೆ ಆ ಚೆಂದದ ಐದು ಅವಳವು. ಕನ್ನಡಕ ತೆಗೆದುಕೊಳ್ಳದೆಯೇ ಮನೆಗೆ ಬಂದೆ.

ಅಮ್ಮನಿಗೆ ಹೇಳಿದೆ. ಅಮ್ಮ ಫಾವಾ ಕಾಳು ಸುಲಿಯುತ್ತಾ, “ನೀನು ಬಂದಿದ್ದು ಮಾರ್ಚಲ್ಲಿ. ನನ್ನ ಸೊಂಟ ಜೂನಲ್ಲೇ ಸರಿಯಾಯ್ತು. ಆಮೇಲೆ ಯಾಕೆ ಉಳ್ಕೊಂಡೆ, ನಾನು ಕಟ್ಟಿ ಹಾಕಿದ್ನಾ?” ಅಂದಳು. ಯಾಕೆ ಉಳಿದೆ ಎಂದರೆ, ನೀನು ಕರೆಯಲಿ ಎಂದು. ನೀನು ಯಾಕೆ ಕರೆಯಲಿಲ್ಲ ಎಂದರೆ, ನಾನಾಗಿ ಬರಲಿ ಎಂದು ಇದ್ದಿರಬಹುದು. ಜಗಳವಾಡಿ ಬಂದಿದ್ದರೆ ರಾಜಿಗೆ ಒಂದು ದಾರಿ ಇರುತ್ತಿತ್ತು. ನಾವು ಜಗಳವನ್ನೇ ಆಡಲಿಲ್ಲವಲ್ಲ, ರಾಜಿ ಎಲ್ಲಿಂದ ಆಗಬೇಕು?

ಮಾರನೆಯ ದಿನ ಫ್ರೆಸ್ನೊಗೆ ಹೋಗಿ ಆ ಹಾಳೆಗೆ ಹೊಡೆದಿದ್ದಂಥದೇ ಹೊಸ ಪಿಸ್ತೂಲನ್ನು ಗರಬೆದನ ಅಂಗಡಿಯಲ್ಲಿ ಕೊಂಡೆ. ಹೌದು, ಅವನ ಹತ್ತಿರವೇ. ನಿನಗೆ ಉರಿಯಲಿ ಎಂದೇ. ನೀನು ಅವನನ್ನು ಅರ್ಮೇನಿಯನ್ ಕಳ್ಳ ಎಂದು ಬೈಯುತ್ತೀಯ. ಅವನು ನನಗೆ ಕಾಫಿ ಕೊಟ್ಟ, ಒಣ ಏಪ್ರಿಕಾಟ್ ಕೊಟ್ಟ, ಪಿಸ್ತೂಲು ಮಾತ್ರ ಕೊಡಲು ಹಿಂದೆ ಮುಂದೆ ನೋಡಿದ. “ನೋಡು ತಾಯಿ, ಗಂಡನ ಅಂಗಡಿ ಇರುವಾಗ ನನ್ನ ಹತ್ರ ಬಂದಿದ್ದೀಯ. ಕಣ್ಣು ಬೇರೆ ಕೆಂಪಗಿದೆ. ಗುರಿ ಯಾವುದು ಅಂತ ಕೇಳ್ಬಹುದಾ?” ಅಂದ. “ಕಾಗದದ ಗುರಿ ಮಾರಾಯ, ನನ್ನ ಗಂಡನಿಗೆ ಒಂದು ಗುಂಡಿನ ಬೆಲೆ ಯಾಕೆ ದಂಡ ಮಾಡ್ಲಿ?” ಅಂದೆ. ನಕ್ಕು ಅರ್ಜಿ ಮುಂದಿಟ್ಟ. ಸುರಕ್ಷತೆಯ ಪರೀಕ್ಷೆ ಎಂದು ನನ್ನಿಂದಲೇ ಪಿಸ್ತೂಲು ಖಾಲಿ ಮಾಡಿಸಿ, ಬೀಗ ಹಾಕಿಸಿ, ತೆಗೆಸಿ ನೋಡಿದ. ಇಷ್ಟು ವರ್ಷ ನಿನ್ನ ಅಂಗಡಿಯಲ್ಲಿ ಅದನ್ನೇ ಊರವರಿಗೆಲ್ಲ ಹೇಳಿಕೊಟ್ಟವಳು ನಾನು. ಆದರೂ ಹೊಸ ಸೊಸೆಯ ಹಾಗೆ ತಲೆ ಬಗ್ಗಿಸಿ ಮಾಡಿ ತೋರಿಸಿದೆ.

ಆಮೇಲೆ ಹತ್ತು ದಿನ ಕಾಯಬೇಕು. ಸಿಟ್ಟಿನಲ್ಲಿ ಕೊಂಡವರ ಸಿಟ್ಟು ಆ ಹತ್ತು ದಿನದಲ್ಲಿ ಇಳಿಯಲಿ ಎಂದು ಸರ್ಕಾರ ಹಾಗೆ ಮಾಡಿದೆಯಂತೆ. ಸರ್ಕಾರಕ್ಕೆ ಸಿಟ್ಟು ಗೊತ್ತು, ಹೊಟ್ಟೆಕಿಚ್ಚು ಗೊತ್ತಿಲ್ಲ. ಸಿಟ್ಟು ಹಾಲಿನ ಹಾಗೆ, ಉಕ್ಕಿ ಇಳಿಯುತ್ತದೆ. ಹೊಟ್ಟೆಕಿಚ್ಚು ಅಮ್ಮನ ಸಿಹಿ ಬ್ರೆಡ್ಡಿನ ಹಿಟ್ಟಿನ ಹಾಗೆ, ಮುಚ್ಚಿಟ್ಟಷ್ಟೂ ಹುದುಗಿ ಪಾತ್ರೆ ಮೀರುತ್ತದೆ. ಆ ಹತ್ತು ದಿನವೂ ನಾನು ಹಾಲಿನ ಲೆಕ್ಕ ತಪ್ಪಿಸಿದೆ, ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದೆ, ಅಮ್ಮನ ಕೈಲಿ ಬೈಸಿಕೊಂಡೆ.

ನಮ್ಮ ರಾಜ್ಯದಲ್ಲಿ ಮಾರಬಹುದಾದ ಪಿಸ್ತೂಲುಗಳ ಸರ್ಕಾರಿ ಪಟ್ಟಿಯ ಬಗ್ಗೆ ನಿನಗೆ ಹೇಳುವುದು ಮೀನಿಗೆ ಈಜು ಕಲಿಸಿದ ಹಾಗೆ. ಆದರೂ ಹೇಳುತ್ತೇನೆ, ಏಕೆಂದರೆ ನನ್ನ ಉರಿಯ ಅರ್ಧ ಭಾಗ ಅದರಲ್ಲೇ ಇದೆ. ಈ ಪಿಸ್ತೂಲು ಬೇರೆ ರಾಜ್ಯಗಳಲ್ಲಿ ಬಂದು ಆರು ವರ್ಷ. ಅರಿಜೋನಾದವರು, ನೆವಾಡಾದವರು ಅದನ್ನು ತರಕಾರಿಯ ಹಾಗೆ ಕೊಂಡು ಬಳಸಿ ಬೇಜಾರಾಗಿ ಮಾರಿಯೂ ಆಯಿತು. ನಮಗೆ ಇಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ, ಕಾರ್ಖಾನೆ ಮಾಡಿದರೂ ರಾಜ್ಯದ ಪಟ್ಟಿಗೆ ಹತ್ತದೆ ನಮ್ಮ ಕೈಗೆ ಬಾರದು. ಪಟ್ಟಿಗೆ ಹತ್ತಬೇಕಾದರೆ ನಳಿಗೆಯ ಬುಡದಲ್ಲಿ ಗುಂಡಿದೆ ಎಂದು ತೋರಿಸುವ ಗುರುತು ಬೇಕು, ಗುಂಡು ತುಂಬುವ ಮ್ಯಾಗಜೀನ್ ಕಳಚಿದರೆ ಟ್ರಿಗರ್ ಸಾಯಬೇಕು. ಕೊನೆಗೂ ಕಾರ್ಖಾನೆಯವರು ನಮ್ಮ ರಾಜ್ಯಕ್ಕೆಂದೇ ಹಾಗೆ ಮಾಡಿ ಕಳಿಸಿದರು. ಅದು ಪಟ್ಟಿಗೆ ಬಂತೇ ಎಂದು ನೀನೂ ನಾನೂ ಎಷ್ಟು ಸಲ ಬೆಳಿಗ್ಗೆ ಕಾಫಿ ಕುಡಿಯುತ್ತಾ ಕಂಪ್ಯೂಟರಿನಲ್ಲಿ ತೆರೆದು ನೋಡಿಲ್ಲ! “ಬಂತಾ ಒಡೀ?” “ಇಲ್ಲ ಜೆಸ್, ಇನ್ನೂ ಇಲ್ಲ.” ಅದು ಬಂದ ದಿನ ನಾನು ಅಲ್ಲಿರಲಿಲ್ಲ.

ಮತ್ತೆ ಕೆಂಡ್ರಾ? ಅವಳು ಪಕ್ಕದ ಜಿಲ್ಲೆಯ ಷೆರೀಫರ ಕೈಕೆಳಗಿನ ಡೆಪ್ಯುಟಿ. ಪೊಲೀಸರಿಗೆ ಪಟ್ಟಿ ಇಲ್ಲ. ಊರಿಗೊಂದು ದಾರಿಯಾದರೆ ಅವರಿಗೊಂದು ದಾರಿ. ನಾವು ಆರು ವರ್ಷ ಕಾದದ್ದು ಅವಳ ಸೊಂಟದಲ್ಲಿ ಆರು ವರ್ಷದಿಂದ ಇತ್ತು, ಯಾವ ಗುರುತೂ ಯಾವ ತಡೆಯೂ ಇಲ್ಲದ್ದು. ನಾನು ಕಾದು ಪಡೆಯಬೇಕಾದ್ದನ್ನೆಲ್ಲ ಅವಳು ಹಾಗೆಯೇ ಎತ್ತಿಕೊಂಡು ಹೋಗುತ್ತಾಳೆ ಎಂದು ನನಗೆ ಅನ್ನಿಸಿದರೆ ತಪ್ಪೇ?

ಪಿಸ್ತೂಲು ಕೈಗೆ ಬಂದ ಶನಿವಾರ ಓಕ್ ಸ್ಲೂ ಕ್ಲಬ್ಬಿಗೆ ಹೋದೆ. ನನ್ನದೇ ಪರೀಕ್ಷೆ ಬರೆದು ನಿನಗಿಂತ ಮೊದಲು ಸಂಪಾದಕರಿಗೆ ಕಳಿಸುವುದು ನನ್ನ ಉದ್ದೇಶವಾಗಿತ್ತು. ಅಲ್ಲಿ ಪಕ್ಕದ ಸಾಲಿನಲ್ಲೇ ಅವಳು ನಿಂತಿದ್ದಳು. ವಾಪಸು ಹೋಗಿಬಿಡಬಹುದಿತ್ತು. ಹೊಟ್ಟೆಕಿಚ್ಚಿನವರು ಎಂದಾದರೂ ವಾಪಸು ಹೋಗುತ್ತಾರೆಯೇ? ಹತ್ತಿರದಿಂದ ನೋಡಬೇಕಿತ್ತು ನನಗೆ.

ನೋಡಿದೆ. ಚೆಲುವೆಯೇನಲ್ಲ. ಮೂಗು ಬಿಸಿಲಿಗೆ ಸುಲಿದಿದೆ, ಕೂದಲನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ್ದಾಳೆ, ದನದ ಡಾಕ್ಟರು ತೊಡುವಂಥ ಬೂಟು ಹಾಕಿದ್ದಾಳೆ. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು. ತುಟಿಗೆ ಬಣ್ಣ ಬಳಿದವಳಾಗಿದ್ದರೆ ನಿನ್ನ ವಯಸ್ಸಿನ ಗಂಡಸಿನ ಹುಚ್ಚು ಎಂದು ನಕ್ಕುಬಿಡುತ್ತಿದ್ದೆ. ಇವಳು ನಮ್ಮ ಹಾಗೇ ಇದ್ದಾಳೆ. ನನ್ನನ್ನು ಕಂಡದ್ದೇ ಕಿವಿಯ ಮುಚ್ಚಳ ಕೆಳಗಿಳಿಸಿ ಬಂದು, “ಮೇಡಂ, ನಿಮ್ಮ ಅಂಕಣ ಓದ್ಕೊಂಡೇ ನಾನು ಮೊದಲ ಪಿಸ್ತೂಲು ಆರಿಸಿದ್ದು. ಸಣ್ಣ ಕೈಯವರ ಬಗ್ಗೆ ಬರಿಯೋರು ನೀವೊಬ್ಬರೇ,” ಅಂದಳು. “ಕೈ ಸಣ್ಣದಿರಬಹುದು ಕಣಮ್ಮ, ಯಾರದನ್ನೂ ಕಿತ್ಕೊಂಡಿಲ್ಲ,” ಅಂದೆ. ಅವಳ ಕೆನ್ನೆ ಕೆಂಪಾಯಿತು. ಹಾಗಾದರೆ ಏನೋ ಇದೆ. ಏನೂ ಇಲ್ಲದಿದ್ದರೆ ಕೆಂಪಾಗಲು ಏನಿತ್ತು?

ಪಿಸ್ತೂಲಿನ ವಿಷಯಕ್ಕೆ ಬರುತ್ತೇನೆ. ನನ್ನ ಹೆಸರು ಹಾಕಿದರೂ ಸರಿ ಬಿಟ್ಟರೂ ಸರಿ, ಇದನ್ನು ನಿನ್ನ ಲೇಖನಕ್ಕೆ ಸೇರಿಸಿಕೋ. ನಿನ್ನ ಅಗಲ ಅಂಗೈಗೆ ಇದು ಎಂದೂ ತಿಳಿಯುವುದಿಲ್ಲ.

ಹಿಡಿ ಸಣ್ಣದು, ನನ್ನ ಬೆರಳು ಸುತ್ತಿ ಬಂದು ಟ್ರಿಗರಿನ ಮೇಲೆ ನೇರವಾಗಿ ಕೂರುತ್ತದೆ. ಹಳೆಯ ಪಿಸ್ತೂಲುಗಳಲ್ಲಿ ಮೇಲಿನ ಸ್ಲೈಡ್ ಹಿಂದಕ್ಕೆಳೆದು ಗುಂಡನ್ನು ನಳಿಗೆಗೆ ಏರಿಸಲು ನನ್ನ ಸಂಧಿವಾತದ ಹೆಬ್ಬೆರಳು ದೇವರನ್ನು ನೆನೆಯುತ್ತಿತ್ತು. ಇದರಲ್ಲಿ ಮುಂಭಾಗದಲ್ಲೂ ಗೀರುಗಳಿವೆ, ಅಂಗೈಯಲ್ಲಿ ಮೇಲಿಂದ ಹಿಡಿದು ಎಳೆದರೆ ಸಲೀಸು. ಗುಂಡಿಗೆ ಬಡಿಯುವ ಸುತ್ತಿಗೆ ಹೊರಗಿಲ್ಲ, ಒಳಗಿನ ಸೂಜಿಯೇ ಸಿಡಿಯುವುದರಿಂದ ಕೋಟಿನ ಒಳಪದರಕ್ಕೆ ಸಿಕ್ಕಿಕೊಳ್ಳುವ ರಗಳೆಯಿಲ್ಲ. ಟ್ರಿಗರ್ ಮೊದಲು ಸ್ವಲ್ಪ ಸಡಿಲ, ಆಮೇಲೆ ಗೋಡೆಗೆ ತಾಗಿದ ಹಾಗೆ ನಿಲ್ಲುತ್ತದೆ, ಇನ್ನೊಂದಿಷ್ಟು ಒತ್ತಿದರೆ ಪಟ್ಟೆಂದು ಬಿಡುತ್ತದೆ. ಕಿತ್ತುಕೊಳ್ಳುವವರಿಗೂ ಒಳ್ಳೆಯದು, ನಿನಗೂ. ನಳಿಗೆಯ ಬುಡದಲ್ಲಿ ಗುಂಡಿದ್ದರೆ ಮೇಲೆ ಒಂದು ಕೆಂಪು ಚೂರು ಎದ್ದು ನಿಲ್ಲುತ್ತದೆ, ಕತ್ತಲಲ್ಲೂ ಬೆರಳಾಡಿಸಿ ತಿಳಿಯಬಹುದು.

ದೋಷವೆಂದರೆ ಮ್ಯಾಗಜೀನ್ ಇಲ್ಲದಾಗ ಟ್ರಿಗರನ್ನು ಸಾಯಿಸುವ ಆ ತಡೆ. ಮ್ಯಾಗಜೀನ್ ಅದಕ್ಕೆ ಉಜ್ಜಿಕೊಂಡೇ ಬರಬೇಕಾದ್ದರಿಂದ ಗುಂಡಿ ಒತ್ತಿದರೆ ತಾನಾಗಿ ಬೀಳುವುದಿಲ್ಲ, ಹಸುವಿನ ಬಾಯಿಂದ ಬಟ್ಟೆ ಎಳೆದ ಹಾಗೆ ಎಳೆಯಬೇಕು. ಕೆಂಡ್ರಾಳ ಪಿಸ್ತೂಲಿನದು ಬೆಣ್ಣೆಯಿಂದ ಕೂದಲು ತೆಗೆದಂತೆ ಜಾರಿ ಬೀಳುತ್ತಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಹೊಡೆದೆವು. ಹೌದು, ಇಬ್ಬರೂ ಸೇರಿಯೇ. ಅವಳೇ “ಹೋಲಿಸಿ ನೋಡೋಣ್ವಾ ಮೇಡಂ?” ಅಂದಳು, ಬೇಡ ಅಂದರೆ ಹೆದರಿದೆ ಅಂದುಕೊಳ್ಳುತ್ತಾಳೆಂದು ಒಪ್ಪಿದೆ. ಹದಿನೈದು ಗಜದಲ್ಲಿ ಅವಳದೂ ನನ್ನದೂ ಸಮ. ಇಪ್ಪತ್ತೈದರಲ್ಲಿ ಅವಳ ತೂತುಗಳು ಹೆಚ್ಚು ಒತ್ತೊತ್ತಾಗಿದ್ದವು. ನಾನು ಸುಳ್ಳು ಬರೆಯುವುದಿಲ್ಲ, ಅವಳ ಕೈ ಒಳ್ಳೆಯದು. ಈ ವಾಕ್ಯ ಬರೆಯುವಾಗ ಪೆನ್ನು ಹಾಳೆಗೆ ಚುಚ್ಚಿಕೊಂಡಿದೆ, ನೋಡು.

ಅವಳು ಹೊಡೆಯುತ್ತಿದ್ದಾಗ ನಾನು ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ. ಸುಮ್ಮನೆ ನಿಂತರೆ ನನ್ನ ಕೈ ಏನು ಮಾಡುತ್ತದೆಂದು ನಿನಗೆ ಗೊತ್ತು. ನೀನು ಹೊಡೆಯುವಾಗ ನಾನು ನಿನ್ನ ಮುಂದಿನ ಮ್ಯಾಗಜೀನ್ ತುಂಬುತ್ತಿದ್ದೆ, ನಾನು ಹೊಡೆಯುವಾಗ ನೀನು ನನ್ನದನ್ನು. ಮೂವತ್ತು ವರ್ಷ ಹಾಗೇ ನಡೆದಿದೆ. ತಲೆ ನಿನ್ನನ್ನೂ ಅವಳನ್ನೂ ಸೇರಿಸಿ ಶಾಪ ಹಾಕುತ್ತಿದ್ದಾಗ ನನ್ನ ಬೆರಳುಗಳು ತಮ್ಮ ಪಾಡಿಗೆ ತಾವು ಒಂದು ಮ್ಯಾಗಜೀನಿಗೆ ಹತ್ತೂ ಗುಂಡು ತುಂಬಿಬಿಟ್ಟಿದ್ದವು. ಅದನ್ನು ಕೈಯಲ್ಲಿ ಹಿಡಿದೇ ಹಿಂದಿನ ಮೇಜಿಗೆ ಹೋದೆ, ಪಿಸ್ತೂಲು ಬಿಚ್ಚಿ ಒರೆಸುವ ಮೇಜಿಗೆ. ಅಲ್ಲಿ ಒಂದು ಗುಂಡೂ ಇರಕೂಡದು ಎಂದು ಕ್ಲಬ್ಬು ನೋಡಿಕೊಳ್ಳುವ ಮುದುಕ ವರ್ನ್ ಕೆಂಪಕ್ಷರದಲ್ಲಿ ಬರೆದು ಹಾಕಿದ್ದಾನೆ. ನನಗೆ ಅದು ಕಾಣಲೂ ಇಲ್ಲ.

ಇದನ್ನು ಬಿಚ್ಚಬೇಕಾದರೆ ಮೊದಲು ಟ್ರಿಗರ್ ಒತ್ತಬೇಕು. ನಮ್ಮ ರಾಜ್ಯದ ಪಿಸ್ತೂಲಿನಲ್ಲಿ ಮ್ಯಾಗಜೀನ್ ಇಲ್ಲದೆ ಟ್ರಿಗರ್ ಆಡದು. ಹಾಗಾಗಿ ಬೇರೆ ಕಡೆಯವರು ಮ್ಯಾಗಜೀನನ್ನು ದೂರ ಇಟ್ಟು ಬಿಚ್ಚುವುದನ್ನು ನಾವು ಮತ್ತೆ ಒಳಗೆ ಹಾಕಿ ಬಿಚ್ಚಬೇಕು. ಸುರಕ್ಷತೆಗೆಂದು ಹಾಕಿದ ತಡೆ ಇಲ್ಲಿ ತಿರುಗಿ ನಿಲ್ಲುತ್ತದೆ. ಮ್ಯಾಗಜೀನ್ ಕಳಚಿ, ನಳಿಗೆ ನೋಡಿ, ಖಾಲಿ ಎಂದು ಖಾತ್ರಿಯಾಗಿ ಟ್ರಿಗರ್ ಒತ್ತಿದ್ದಾಯಿತು. ಸತ್ತಿತ್ತು. ಮೇಜಿನ ಮೇಲೆ ಎರಡು ಮ್ಯಾಗಜೀನ್ ಇದ್ದವು, ಒಂದು ಖಾಲಿ, ಒಂದು ನಾನು ತುಂಬಿದ್ದು. ತುಂಬಿದ್ದು ಒಳಗೆ ಹೋಯಿತು. ತಳಕ್ಕೊಂದು ಏಟು, ಸ್ಲೈಡ್ ಒಮ್ಮೆ ಹಿಂದಕ್ಕೆ, ಟ್ರಿಗರ್. ಆ ಕೆಂಪು ಚೂರು ಎದ್ದು ನಿಂತಿರಲೇಬೇಕು. ಯಾರೂ ನೋಡಲಿಲ್ಲ.

ಮೂತಿ ನೆಲದ ಕಡೆಗಿತ್ತು, ಅದೊಂದು ಪುಣ್ಯ. ಗುಂಡು ವರ್ನ್‌ನ ಐಸ್ ಪೆಟ್ಟಿಗೆಯನ್ನು ಹೊಕ್ಕು ಮಣ್ಣಿಗಿಳಿಯಿತು. ಅವನು ಆಗಷ್ಟೇ ಆ ಪೆಟ್ಟಿಗೆಯ ಮೇಲಿಂದ ಎದ್ದು ಹೋಗಿದ್ದ. ಸೋಡಾ ಡಬ್ಬಿಗಳು ಬುಸ್ಸೆಂದು ಚಿಮ್ಮುತ್ತಿದ್ದವು. ಮುದುಕ ಓಡಿ ಬಂದು, “ಯಾರು? ಯಾರ್ ಹೊಡೆದಿದ್ದು? ನನ್ನ ಕುಂಡಿ ಇನ್ನೊಂದು ನಿಮಿಷ ಅಲ್ಲೇ ಇದ್ದಿದ್ರೆ!” ಎಂದು ಕೂಗಿದ. ನಾನು, “ನನ್ನ ಪಿಸ್ತೂಲು, ನನ್ನ ಮ್ಯಾಗಜೀನ್. ನಂದೇ ತಪ್ಪು,” ಅಂದೆ. “ಒಡೀ, ನೀನಾ? ಬೇರೆ ಯಾರೇ ಆಗಿದ್ರೂ ನಂಬ್ತಿದ್ದೆ,” ಅಂದ. ಅವನ ದನಿಯೇ ಬಿದ್ದುಹೋಯಿತು. ಆಮೇಲೆ ಬರುವ ವಸಂತದವರೆಗೆ ಕ್ಲಬ್ಬಿಗೆ ಕಾಲಿಡಕೂಡದು ಎಂದ. ಸರಿಯಾಗಿಯೇ ಮಾಡಿದ. ಸಂಜೆಯೊಳಗೆ ಸುದ್ದಿ ನಿನ್ನ ಅಂಗಡಿಗೂ ತಲುಪಿತ್ತು ಎಂದು ನನಗೆ ಗೊತ್ತು.

ಆ ಸಂಜೆ ಲಿಂಗ್ವಿಸಾ ಸಾಸೇಜು ಹಾಕಿ ಸೊಪ್ಪಿನ ಸಾರು ಮಾಡಿದೆ. ಇಬ್ಬರಿಗಾಗುವಷ್ಟು ಮಾಡಬೇಕಾದಲ್ಲಿ ಮೂವರಿಗೆ ಮಾಡಿದೆ. ಗುಂಡು ಹಾರಿದೆ, ಹೆಂಡತಿ ಹೆದರಿರುತ್ತಾಳೆ, ಕೈಗೆ ಕಾಲಿಗೆ ಏನಾದರೂ ತಗುಲಿತೋ ಎಂದು ನೋಡಲಾದರೂ ಯಾರಾದರೂ ಬರುತ್ತಾರೆ ಎಂದು ಕಾದೆ. ಅಮ್ಮ ಎರಡು ಸಲ ಕಿಟಕಿ ನೋಡಿದಳು. ಆಮೇಲೆ, “ತಟ್ಟೆ ಎತ್ತಿಡು ಮಗಳೇ, ಸಾರು ಆರ್ತಿದೆ,” ಅಂದಳು. ನೀನು ಬರಲಿಲ್ಲ. ಗುರುವಾರ ಪತ್ರ ಬಂತು.

ಈಗ ನಿನಗೆ ಉತ್ತರ. ನನ್ನ ಹೆಸರು ತೆಗೆ. ಆ ಗೋಡೆಯಿಂದ ನನ್ನ ಹಾಳೆಗಳನ್ನೂ ಬೇಕಾದರೆ ಕಿತ್ತು ಹಾಕು, ಅವಳ ಹಾಳೆಗಳಿಗೆ ಜಾಗ ಬೇಕಲ್ಲ. ಅಂಕಣದ ಹೆಸರು ‘ಎರಡು ಕೈ’ ಎಂದೇ ಇರಲಿ, ಯಾವ ಕೈ ಎಂದು ಹೆಸರಿನಲ್ಲಿಲ್ಲ. ನನ್ನ ಷರತ್ತು ಒಂದೇ. ಪಿಸ್ತೂಲು ಬಿಚ್ಚುವ ಆ ಅಪಾಯದ ಮಾತನ್ನು ಒಂದಕ್ಷರ ಬಿಡದೆ ಹಾಕಬೇಕು. ಪತ್ರದ ಜೊತೆ ನೀನು ಕಳಿಸಿದ ಲೇಖನದ ಕರಡಿನಲ್ಲಿ ‘ದೂರಲು ಏನೂ ಇಲ್ಲ’ ಎಂದಿದೆ. ಕೊಳ್ಳುವವರ ಅಡುಗೆಮನೆಯಲ್ಲಿ ಐಸ್ ಪೆಟ್ಟಿಗೆ ಇರುವುದಿಲ್ಲ, ಮಕ್ಕಳಿರುತ್ತಾರೆ.

ಮತ್ತೇನಿಲ್ಲ. ನಿನ್ನ ಉಣ್ಣೆಯ ಕೋಟು ಒಗೆಸಿ ಇಲ್ಲೇ ಇಟ್ಟಿದ್ದೇನೆ. ಮಂಜು ಬೀಳುವ ತಿಂಗಳು ಬಂತು, ಬೆಳಿಗ್ಗೆ ಗಾಡಿ ನಿಧಾನ ಓಡಿಸು. ಅವಳನ್ನು ಕೂರಿಸಿಕೊಂಡು ಹೋಗುವಾಗಲೂ.

ಇಂತು,
ಇನ್ನೂ ನಿನ್ನ ಹೆಸರನ್ನೇ ಹೊತ್ತಿರುವ
ಒಡಿಲಿಯಾ

ಮ.ವಿ.: ಲಕೋಟೆಗೆ ಅಂಟು ಹಚ್ಚಿಯಾಗಿತ್ತು, ಮತ್ತೆ ಬಿಡಿಸಿದೆ. ಮೇಲಿನ ಪತ್ರದಲ್ಲಿ ನಾನು ಸುಳ್ಳು ಬರೆದಿಲ್ಲ, ಆದರೆ ಒಂದು ಮಾತು ನುಂಗಿದ್ದೇನೆ. ಪಿಸ್ತೂಲು ನನ್ನದು, ತುಂಬಿದ ಮ್ಯಾಗಜೀನ್ ನನ್ನದು, ಅದನ್ನು ಆ ಮೇಜಿಗೆ ತಂದ ತಪ್ಪೂ ನನ್ನದೇ. ಟ್ರಿಗರಿನ ಮೇಲಿದ್ದ ಬೆರಳು ಮಾತ್ರ ಕೆಂಡ್ರಾಳದು. ನಮ್ಮ ರಾಜ್ಯದ ಪಿಸ್ತೂಲಿನ ಒಳಗೂ ತನ್ನದರ ಹಾಗೇ ಇದೆಯಾ ನೋಡಬೇಕು ಅಂದಳು. ಟ್ರಿಗರ್ ಸತ್ತಿದೆ ಅಂದಾಗ, “ಮ್ಯಾಗಜೀನ್ ಹಾಕಮ್ಮ, ಆಡುತ್ತೆ,” ಅಂದವಳು ನಾನೇ. ಅವಳು ನನ್ನ ಮುಖ ನೋಡುತ್ತಲೇ ಹತ್ತಿರವಿದ್ದದ್ದನ್ನು ಹಾಕಿದಳು. ಸತ್ತ ಟ್ರಿಗರ್ ಕಂಡರೆ ತಳಕ್ಕೆ ತಟ್ಟು, ಸ್ಲೈಡ್ ಎಳೆ, ಒತ್ತು ಎಂದು ಪೊಲೀಸರಿಗೆ ನಿದ್ದೆಯಲ್ಲೂ ಬರುವ ಹಾಗೆ ಕಲಿಸಿರುತ್ತಾರೆ. ತಲೆ ತಡೆಯುವ ಮೊದಲೇ ಕೈ ಮಾಡಿ ಮುಗಿಸಿತ್ತು. ಲೇಖನದಲ್ಲಿ ಅವಳ ಹೆಸರು ಹಾಕಬೇಡ, ಅವಳ ಕೆಲಸದ ಮೇಲೆ ಬಂದೀತು. ಆದರೆ ಹೊಸಬರಿಗಿಂತ ಪಳಗಿದ ಕೈಗಳಿಗೇ ಈ ಅಪಾಯ ಹೆಚ್ಚು ಎಂದು ಬರೆ. ಅದನ್ನು ಮುಚ್ಚಿಟ್ಟು ನಾನು ಕೊಡುವ ಎಚ್ಚರಿಕೆಯಿಂದ ಯಾರಿಗೂ ಪ್ರಯೋಜನವಿಲ್ಲ ಎಂದು ತಿಳಿದೇ ಲಕೋಟೆ ಬಿಡಿಸಿದ್ದು.

ವರ್ನ್‌ಗೆ ನಾನು ಯಾಕೆ ತಪ್ಪು ನನ್ನದು ಅಂದೆ? ಅವಳನ್ನು ಉಳಿಸಲು ಅಂದುಕೊಳ್ಳಬೇಡ, ಅಷ್ಟು ಒಳ್ಳೆಯವಳಲ್ಲ ನಾನು. ಅವಳ ಮುಖ ಸುಣ್ಣದ ಹಾಗೆ ಬಿಳುಚಿದ್ದು ಕಂಡಾಗ, ನೀನು ಅವಳನ್ನು ಸಮಾಧಾನ ಮಾಡಲು ಓಡಿ ಬರುವುದು ನನ್ನ ಕಣ್ಣಿಗೆ ಕಟ್ಟಿತು. ಅದಕ್ಕೇ ನನ್ನದು ಅಂದುಬಿಟ್ಟೆ, ಓಡಿ ಬರುವುದಾದರೆ ನನ್ನ ಹತ್ತಿರ ಬರಲಿ ಎಂದು.

ಮಾರನೆಯ ಬೆಳಿಗ್ಗೆಯೇ ಅವಳು ಇಲ್ಲಿಗೆ ಬಂದಿದ್ದಳು, ಎರಡು ದಿನ ಬಿಟ್ಟು ಇನ್ನೊಮ್ಮೆ. “ನಾನು ವರ್ನ್‌ಗೂ ಹೇಳ್ತೀನಿ, ಜಸಿಂತೊಗೂ ಹೇಳ್ತೀನಿ ಮೇಡಂ, ನಂಗೆ ಊಟ ಸೇರ್ತಿಲ್ಲ,” ಎಂದು ಅತ್ತಳು. ಬಾಗಿಲಲ್ಲೇ ನಿಲ್ಲಿಸಿ, ಬಾಯಿ ಬಿಟ್ಟರೆ ನಾನೇ ನಿನ್ನನ್ನು ಸುಳ್ಳಿ ಅನ್ನುತ್ತೇನೆ ಎಂದು ಹೆದರಿಸಿ ಕಳಿಸಿದೆ. ಅವಳ ಗುರಿ ಒಳ್ಳೆಯದೆಂದು ನೀನು ಮೆಚ್ಚಿ ಆಗಿದೆ. ಅವಳು ಸತ್ಯವಂತೆ ಎಂದೂ ನಿನಗೆ ಗೊತ್ತಾಗುವುದು ನನಗೆ ಬೇಡವಾಗಿತ್ತು. ಕೆಟ್ಟವಳಾಗಿದ್ದರೆ ಎಷ್ಟು ಸುಲಭವಾಗಿರುತ್ತಿತ್ತು ಜೆಸ್.

ಹೆಸರು ತೆಗೆ ಎಂದು ಮೇಲೆ ಬರೆದಿದ್ದೇನೆ, ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ನನ್ನ ಕೈ ಕೆಟ್ಟಿತು ಎಂದು ತೆಗೆಯಬೇಡ. ನನ್ನ ಕೈ ಕೆಟ್ಟಿಲ್ಲ. ಅವಳು ಬೇಕು ಎಂದು ತೆಗೆ. ಹಾಗೆಂದು ಒಂದು ಸಾಲು ನೀನೇ ಬರೆದು ಕಳಿಸು. ಬರೆಯಲು ಮನಸ್ಸು ಬಾರದಿದ್ದರೆ ಬಂದು ನನ್ನನ್ನು ಮನೆಗೆ ಕರೆದುಕೊಂಡು ಹೋಗು.

— ಒಡೀ